ಒಂದು ಎಳೆ ಐದಾಗಿ ಕಂಡದ್ದು

ಮೊಬೈಲ್ ರಿಪೇರಿ ಮಾಡುವವನು ಗಿರಾಕಿಯ ಮಾತನ್ನು ಅರ್ಧ ಮಾತ್ರ ಕೇಳುತ್ತಾನೆ. ಕೆಳಗೆ ಬಿದ್ದೇ ಇಲ್ಲ ಅನ್ನುತ್ತಾರೆ, ಮೂಲೆಯಲ್ಲಿ ಏಟಿನ ಗುರುತು ಇರುತ್ತದೆ. ನೀರು ತಾಗಿಲ್ಲ ಅನ್ನುತ್ತಾರೆ, ಬಿಚ್ಚಿ ನೋಡಿದರೆ ಒಳಗೆಲ್ಲ ಹಸಿರು ತುಕ್ಕು. ಚಳ್ಳಕೆರೆಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟುಕೊಂಡು ಹದಿನೈದು ವರ್ಷ ಇಂಥದ್ದನ್ನೇ ಕೇಳಿ ಕೇಳಿ, ಜನರ ಬಾಯಿಗಿಂತ ಫೋನಿನ ಬೋರ್ಡಿನ ಮೇಲೆಯೇ ನನಗೆ ನಂಬಿಕೆ ಜಾಸ್ತಿಯಾಗಿತ್ತು. ಸಾಲದ್ದಕ್ಕೆ ಮೂಗಿನ ತುದಿಯಲ್ಲೇ ಕೋಪ. ಈ ಎರಡೂ ಸೇರಿ ನನ್ನ ಒಡಹುಟ್ಟಿದ ಅಕ್ಕನನ್ನು ಐದು ತಿಂಗಳು ಕೆಲಸವಿಲ್ಲದೆ ಕೂರಿಸಿದವು.

ನಾವಿಬ್ಬರೂ ಹುಟ್ಟಿದ್ದು ಮೊಳಕಾಲ್ಮುರಿನ ನೇಕಾರರ ಮನೆಯಲ್ಲಿ. ಅಕ್ಕ ಅದೇ ಊರಿನಲ್ಲಿ, ಎರಡು ಓಣಿ ಆಚೆಗಿನ ಮನೆಗೆ ಸೊಸೆಯಾಗಿ ಹೋದಳು. ಬಾವ ಗುಣಿ ಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಾರೆ. ಅಕ್ಕನದು ಅಚ್ಚು ಕೆಚ್ಚುವ ಕೆಲಸ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳ ಸಾಲು, ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಜೋಡಿಸಿ, ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಒಂದು ಮಾಡಬೇಕು. ಗಂಟು ಹಾಕುವಂತಿಲ್ಲ. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಒಂದು ಎಳೆ ಹೋಗಿ ಪಕ್ಕದ್ದಕ್ಕೆ ಸೇರಿತೋ, ಆ ತಪ್ಪು ಸೀರೆಯ ಉದ್ದಕ್ಕೂ ಗೆರೆಯಾಗಿ ಓಡುತ್ತದೆ. ಅಕ್ಕನ ಕೈಯಲ್ಲಿ ಅಂಥ ಗೆರೆ ಬಿದ್ದದ್ದನ್ನು ಯಾರೂ ನೋಡಿರಲಿಲ್ಲ. ಓಣಿಯ ಹತ್ತು ಹನ್ನೆರಡು ಮಗ್ಗಗಳಿಗೂ ಅವಳೇ ಕೆಚ್ಚಬೇಕು. ಅವಳು ಬರುವವರೆಗೆ ಹೊಸ ಹಾಸನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವಳಿಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು, ಇರಬೇಕಾದದ್ದೇ. ನನಗೋ ಹತ್ತು ಎಳೆ ಕೆಚ್ಚುವಷ್ಟರಲ್ಲಿ ಕೈಕಾಲಿಗೆ ತುರಿಕೆ ಬರುತ್ತಿತ್ತು. ಅದಕ್ಕೇ ಮಗ್ಗ ಬಿಟ್ಟು ಚಳ್ಳಕೆರೆ ಸೇರಿ ಸ್ಕ್ರೂಡ್ರೈವರ್ ಹಿಡಿದೆ.

ಕಪ್ಪು ಹಾಸು ಬಂದಾಗ ಮಾತ್ರ ಅಕ್ಕನಿಗೆ ಪೇಚಾಟ. ಕಪ್ಪು ರೇಷ್ಮೆ, ಮಗ್ಗದ ಮನೆಯಲ್ಲಿ ಮೊದಲೇ ಮಬ್ಬು. ಎಳೆಗಳ ಕೆಳಗೆ ಬಿಳಿ ಪಂಚೆ ಹಾಸಿಕೊಂಡು ಕೆಚ್ಚುತ್ತಿದ್ದಳು. ಒಂದು ಸಲ ಊರಿಗೆ ಹೋದಾಗ ಇದನ್ನು ನೋಡಿ ನನಗೊಂದು ಉಪಾಯ ಹೊಳೆಯಿತು. ಅಂಗಡಿಯಲ್ಲಿ ಹೊಸ ಡಿಸ್‌ಪ್ಲೇ ಹಾಕಿಟ್ಟಿದ್ದ ಅಮೋಲೆಡ್ ಪರದೆಯ ಫೋನೊಂದನ್ನು ತಂದುಕೊಟ್ಟೆ. ಪರದೆ ತುಂಬ ಬರೀ ಬಿಳಿ ಬಣ್ಣ ಬರುವಂತೆ ಮಾಡಿ ಎಳೆಗಳ ಕೆಳಗೆ ಇಟ್ಟೆ. ಕಪ್ಪು ಎಳೆ ಒಂದೊಂದೂ ಎದ್ದು ಕಂಡಿತು. ಅಕ್ಕನ ಮುಖ ಅರಳಿತು. ಬೆಳಕು ಕಣ್ಣಿಗೆ ಚುಚ್ಚಬಾರದು ಎಂದು ಬ್ರೈಟ್‌ನೆಸ್ಸನ್ನು ತೀರಾ ಕೆಳಗೆ ಇಳಿಸಿದೆ.

"ಇಷ್ಟೇ ಇರ್ಲಿ ಅಕ್ಕ. ಕಮ್ಮಿ ಇದ್ದಷ್ಟೂ ಕಣ್ಣಿಗೆ ತಂಪು," ಅಂದೆ.

ಆ ಮಾತನ್ನು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದೆ. ಯಾರೂ ನನ್ನನ್ನು ಕೇಳಿರಲಿಲ್ಲ, ನಾನೇ ಹೇಳುತ್ತಿದ್ದೆ. ಅಕ್ಕನದು ನೋಡಿ, ನೇಯುವಾಗ ಹರಿದ ಎಳೆ ಹುಡುಕಿಕೊಳ್ಳಲು ಓಣಿಯ ಇನ್ನೂ ನಾಲ್ಕೈದು ಮನೆಯವರು ನನ್ನಿಂದಲೇ ಅಂಥ ಫೋನು ತರಿಸಿಕೊಂಡರು. ಎಲ್ಲರಿಗೂ ಬ್ರೈಟ್‌ನೆಸ್ ಇಳಿಸಿಕೊಟ್ಟು, ಅದೇ ಉಪದೇಶ ಮಾಡಿ ಕಳಿಸಿದೆ.

ಎರಡು ತಿಂಗಳಾಗಿರಬೇಕು, ಅಕ್ಕ ಫೋನ್ ಮಾಡಿದಳು. ತಲೆ ಸಿಡಿಯುತ್ತದೆ, ಕಣ್ಣಿನ ಹಿಂದೆ ಯಾರೋ ಹಿಂಡಿದ ಹಾಗೆ ಆಗುತ್ತದೆ ಅಂದಳು. ಆಮೇಲೆ ಹೇಳಿದಳು:

"ಕೆಚ್ಚೋವಾಗ ನನ್ ಬೆರಳೇ ನಂಗೆ ನಾಕೈದು ಕಾಣ್ತಾವೆ ಕಣೋ ತಮ್ಮಾ. ಒಂದು ಎಳೆ ಎತ್ತಿದ್ರೆ ಐದು ಎಳೆ ಎದ್ದಂಗೆ ಆಗ್ತೈತೆ. ಯಾವುದನ್ನ ಹಿಡೀಲಿ?"

ನನಗೆ ನಗು ಬಂತು. "ವಯಸ್ಸಾಯ್ತು ನಿಂಗೆ. ಕನ್ನಡಕ ಹಾಕ್ಕೋ," ಅಂದೆ.

ಚಳ್ಳಕೆರೆಗೆ ಕರೆಸಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಅವರು ಅಕ್ಷರ ಓದಿಸಿದರು, ಬೆಳಕು ಬಿಟ್ಟು ನೋಡಿದರು, ಕಣ್ಣಿಗೆ ಏನೂ ಆಗಿಲ್ಲ ಅಂದರು. ಒಳ್ಳೆಯ ಸುದ್ದಿ ಅಂದುಕೊಂಡು ಮನೆಗೆ ಬಂದೆವು. ಅಕ್ಕನಿಗೆ ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿಲ್ಲ ಎಂದು ಆಗ ನನಗೆ ತಿಳಿಯಲಿಲ್ಲ. ಕಣ್ಣು ಕೆಟ್ಟಿದ್ದರೆ ಅದಕ್ಕೆ ಹೆಸರಿರುತ್ತಿತ್ತು, ಔಷಧಿ ಇರುತ್ತಿತ್ತು. ಕಣ್ಣು ಸರಿಯಿದೆ ಎಂದಮೇಲೆ ಕೆಟ್ಟಿರುವುದು ತಲೆಯೇ ಎಂದು ಓಣಿ ತೀರ್ಮಾನಿಸಿತು.

ಬಸ್ಸು ಹತ್ತುವ ಮುಂಚೆ ಅಕ್ಕ ಇನ್ನೊಂದು ಮಾತು ಹೇಳಿದ್ದಳು. "ಪಂಚೆ ಹಾಸ್ಕೊಂಡ್ರೆ ಹಂಗೆ ಕಾಣಲ್ಲ ಕಣೋ. ಆ ಫೋನ್ ಇಟ್ರೇನೇ ಕಾಣೋದು. ಅದ್ರಾಗೇ ಏನೋ ಐತೆ."

ನನಗೆ ರೇಗಿಹೋಯಿತು. ನನ್ನ ಕೈಯಾರೆ ಕೂರಿಸಿದ ಡಿಸ್‌ಪ್ಲೇ. ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ: "ಫೋನ್‌ನಾಗೆ ಏನೂ ಇಲ್ಲ. ಬೆಳಕು ಬೆರಳನ್ನ ಐದು ಮಾಡಲ್ಲ. ಬ್ಯಾಡ ಅಂದ್ರೆ ವಾಪಸ್ ಕೊಟ್ಬಿಡು, ಇಲ್ಲದ್ದು ಹೇಳ್ಬೇಡ."

ಅವಳು ವಾಪಸ್ ಕೊಡಲಿಲ್ಲ. ತಮ್ಮ ಬೇಜಾರು ಮಾಡಿಕೊಳ್ಳುತ್ತಾನೆ ಎಂದು ಅದನ್ನೇ ಇಟ್ಟುಕೊಂಡು ಕೆಚ್ಚಿದಳು. ಮುಂದಿನ ಎರಡು ಹಾಸಿನಲ್ಲಿ ಎಳೆ ಅದಲುಬದಲಾಯಿತು. ಒಂದು ಬಾವನದೇ ಮಗ್ಗದ್ದು, ಇನ್ನೊಂದು ಎದುರು ಮನೆಯ ದೊಡ್ಡಮ್ಮನದು. ದೊಡ್ಡಮ್ಮ ನಮಗೆ ನಂಟಲ್ಲ, ಆದರೆ ಅಕ್ಕ ಸೊಸೆಯಾಗಿ ಬಂದ ದಿನದಿಂದ ಅವಳನ್ನು ಹತ್ತಿರ ಕೂರಿಸಿಕೊಂಡು ಕೆಲಸ ತಿದ್ದಿದವರು. ಸೀರೆಯ ಮೇಲೆ ಗೆರೆ ನೋಡಿದ ದಿನ ಅವರೇ ಮೊದಲು ಅಂದರಂತೆ, ಇವಳ ಕೈ ಕೆಟ್ಟಿದೆ ಎಂದು. ಅವರ ಬಾಯಿಂದ ಬಂದಮೇಲೆ ಮುಗಿಯಿತು. ಒಂದೊಂದೇ ಮನೆಯವರು ಕರೆಯುವುದನ್ನು ಬಿಟ್ಟರು. ಬಾವ ಕೂಡ ಬೇರೆ ಓಣಿಯಿಂದ ಕೆಚ್ಚುವವರನ್ನು ಕರೆತಂದರು. ಹಬ್ಬಕ್ಕೆ ಹೋದಾಗ ನೋಡಿದರೆ ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ಅವಳ ಮನೆಯ ಹಾಸನ್ನು ಬೇರೆ ಹೆಂಗಸೊಬ್ಬಳು ಕೆಚ್ಚುತ್ತಿದ್ದಳು. ನಾನು ಹೋಳಿಗೆ ಉಂಡು, ಸ್ವಲ್ಪ ದಿನ ರೆಸ್ಟ್ ತಗೋ ಎಂದು ಹೇಳಿ ಬಂದೆ. ನನ್ನ ಮಂದಬುದ್ಧಿಗೆ ಏನು ಹೇಳಲಿ.

ಆಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತಿದ್ದೆ. ರಾಂಪುರದ ಮೇಷ್ಟ್ರೊಬ್ಬರ ಫೋನಿಗೆ ಹೊಸ ಡಿಸ್‌ಪ್ಲೇ ಹಾಕಿ ಪರೀಕ್ಷೆ ಮಾಡುತ್ತಿದ್ದೆ. ಕಲೆ ಇದೆಯೇ ಎಂದು ನೋಡಲು ಪರದೆಯನ್ನು ಬೆಳ್ಳಗೆ ಮಾಡಿ, ಬ್ರೈಟ್‌ನೆಸ್ ಕೆಳಗೆ ಇಳಿಸಿದ್ದೆ. ಒಂದು ನೊಣ ಬಂದು ಬಂದು ಅದರ ಮೇಲೆಯೇ ಕೂರುತ್ತಿತ್ತು. ಕೈಯಲ್ಲಿದ್ದ ಚಿಮಟದಿಂದಲೇ ಅದನ್ನು ಬೀಸಿ ಓಡಿಸಿದೆ.

ಪರದೆಯ ಮೇಲೆ ಐದಾರು ಚಿಮಟ ಹಾದುಹೋದವು.

ಕೈ ಅಲ್ಲೇ ನಿಂತಿತು. ಕೈ ನಿಂತಾಗ ಚಿಮಟ ಒಂದೇ. ಮತ್ತೆ ಬೀಸಿದೆ. ಮತ್ತೆ ಐದಾರು, ಒಂದರ ಪಕ್ಕ ಒಂದು, ನಡುವೆ ಸ್ಪಷ್ಟ ಸಂದು ಬಿಟ್ಟುಕೊಂಡು. ಬ್ರೈಟ್‌ನೆಸ್ ಮೇಲಕ್ಕೆ ಎಳೆದು ಬೀಸಿದೆ. ಸಂದು ಮುಚ್ಚಿಹೋಗಿ ಎಲ್ಲ ಚಿಮಟವೂ ಒಂದೇ ಮಸುಕಾಗಿ ಹರಿಯಿತು. ಕೆಳಗೆ ಇಳಿಸಿದೆ, ಮತ್ತೆ ಐದಾರು. ಒಂದು ಎಳೆ ಎತ್ತಿದರೆ ಐದು ಎಳೆ ಎದ್ದ ಹಾಗೆ ಆಗುತ್ತದೆ ಎಂದು ನನ್ನ ಅಕ್ಕ ಹೇಳಿದ್ದಳಲ್ಲ, ಅದೇ. ಅವಳು ಒಂದಕ್ಷರವನ್ನೂ ಹೆಚ್ಚಿಗೆ ಹೇಳಿರಲಿಲ್ಲ. ಮೇಷ್ಟ್ರು ಬಂದು ಆಯ್ತೇನ್ರಿ ಎಂದು ಕೇಳಿದರೂ ನಾನು ಚಿಮಟ ಬೀಸುತ್ತಲೇ ಕೂತಿದ್ದೆನಂತೆ. ಅವರೇ ಆಮೇಲೆ ಹೇಳಿದರು.

ಹದಿನೈದು ವರ್ಷದಲ್ಲಿ ಇಂಥ ಪರದೆ ಎಷ್ಟು ಹಾಕಿದ್ದೇನೋ ಲೆಕ್ಕವಿಲ್ಲ. ಒಂದು ಫೋನಿನ ಪರದೆಯನ್ನು ಇನ್ನೊಂದರ ಕ್ಯಾಮೆರಾದಲ್ಲಿ ನೋಡಿದಾಗ ಕಪ್ಪು ಪಟ್ಟಿಗಳು ಉರುಳಿ ಹೋಗುವುದನ್ನು ದಿನಾ ಕಂಡಿದ್ದೆ. ಅದು ಕ್ಯಾಮೆರಾದ ದೋಷ ಎಂದು ಗಿರಾಕಿಗಳಿಗೆ ಸಮಜಾಯಿಷಿಯನ್ನೂ ಕೊಟ್ಟಿದ್ದೆ. ಕ್ಯಾಮೆರಾ ನಿಜ ಹೇಳುತ್ತಿತ್ತು, ನಾನು ಸುಳ್ಳು ಹೇಳುತ್ತಿದ್ದೆ.

ಮೇಷ್ಟ್ರನ್ನು ಕಳಿಸಿ ಇದನ್ನು ಅಳೆದೇ ತೀರಬೇಕು ಎಂದು ಕೂತೆ. ಚಿಮಟ ಕಣ್ಣಿಗೆ ಕಂಡದ್ದು, ಕಣ್ಣಿಗೆ ಕಂಡದ್ದನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ ಎಂದು ಅಕ್ಕನ ವಿಷಯದಲ್ಲಿ ನಾನೇ ತೋರಿಸಿಕೊಟ್ಟಿದ್ದೆ. ಕೆಟ್ಟ ಕ್ಯಾಲ್ಕುಲೇಟರಿನ ಸೋಲಾರ್ ಪಟ್ಟಿ ಕಿತ್ತು ಎರಡು ವೈರ್ ಬೆಸುಗೆ ಹಾಕಿ, ಬ್ಯಾಟರಿಯ ಒಂದು ಸಣ್ಣ ಸ್ಪೀಕರಿಗೆ ಜೋಡಿಸಿದೆ. ಆ ಪಟ್ಟಿಗೆ ಬೀಳುವ ಬೆಳಕು ಒಂದೇ ಸಮ ಇದ್ದರೆ ಸ್ಪೀಕರ್ ಸುಮ್ಮನಿರುತ್ತದೆ. ಬೆಳಕು ಆರಿ ಹೊತ್ತಿದರೆ ಸದ್ದು ಬರುತ್ತದೆ. ಪಟ್ಟಿಯನ್ನು ಪರದೆಯ ಹತ್ತಿರ ತರುವ ಮುಂಚೆಯೇ ಸ್ಪೀಕರ್ ಗುಂಯ್ ಅಂತು. ಅದು ನನ್ನ ಅಂಗಡಿಯ ಟ್ಯೂಬ್‌ಲೈಟಿನದು. ಟ್ಯೂಬ್‌ಲೈಟ್ ಆರಿಸಿದೆ, ಪಕ್ಕದ ಅಂಗಡಿಯ ಬೋರ್ಡಿನ ದೀಪದ್ದು ಬಂತು. ಕೊನೆಗೆ ಮನೆಯಿಂದ ಕರಿ ಕಂಬಳಿ ತಂದು ಕೌಂಟರ್ ಸಮೇತ ತಲೆಯ ಮೇಲೆ ಹೊದ್ದುಕೊಂಡೆ. ಹಾಡುಹಗಲು, ಮೇಲೆ ನಮ್ಮ ಊರಿನ ಬಿಸಿಲು. ಬಂದ ಗಿರಾಕಿಗಳು ನೆಗಡಿಗೆ ಹಬೆ ತಗೋತಿದಾನೆ ಎಂದು ವಾಪಸ್ ಹೋದರು.

ಕಂಬಳಿಯೊಳಗೆ ಹಳೆಯ ಎಲ್‌ಸಿಡಿ ಫೋನು ಹಿಡಿದರೆ ಸ್ಪೀಕರ್ ಮಾತಾಡಲಿಲ್ಲ. ಅಕ್ಕನಿಗೆ ಕೊಟ್ಟಂಥದ್ದೇ ಅಮೋಲೆಡ್ ಫೋನು ಹಿಡಿದು ಬ್ರೈಟ್‌ನೆಸ್ ಇಳಿಸಿದೆ. ಕಣಜ ಕಿವಿಯೊಳಗೆ ಹೊಕ್ಕ ಹಾಗೆ ಝೇಂಕಾರ. ನಾನು ಬೆಚ್ಚಿ ಪಟ್ಟಿಯನ್ನು ಕೆಳಗೆ ಬಿಟ್ಟೆ. ಆಮೇಲೆ ಅದೇ ವೈರನ್ನು ಕಂಪ್ಯೂಟರಿಗೆ ಹಾಕಿ ಸದ್ದನ್ನು ಗೆರೆಯಾಗಿ ನೋಡಿದೆ. ಬೆಳಕು ಮೇಲೆ, ಕೆಳಗೆ, ಮೇಲೆ, ಕೆಳಗೆ, ಮಗ್ಗದ ಹಣಿಗೆಯ ಹಲ್ಲಿನಂತೆ. ಒಂದು ಸೆಕೆಂಡಿನ ಹಲ್ಲುಗಳನ್ನು ಎಣಿಸಿದರೆ ಇನ್ನೂರನಲವತ್ತು. ಪ್ರತಿ ಸಲವೂ ಬೆಳಕು ಹೆಚ್ಚುಕಮ್ಮಿ ಪೂರ್ತಿ ಆರುತ್ತಿತ್ತು.

ಆಗ ಅರ್ಥವಾಯಿತು. ಈ ಪರದೆಯ ಬ್ರೈಟ್‌ನೆಸ್ ಇಳಿಸಿದರೆ ಅದರ ಬೆಳಕು ಮಂದವಾಗುವುದಿಲ್ಲ. ಅದು ಆರಿ ಆರಿ ಹೊತ್ತುತ್ತದೆ. ಆರಿರುವ ಹೊತ್ತು ಹೆಚ್ಚಾದಷ್ಟೂ ನಮಗೆ ಮಂದವಾದಂತೆ ಕಾಣುತ್ತದೆ. ಸುಮ್ಮನೆ ನೋಡುವವನಿಗೆ ಗೊತ್ತಾಗುವುದಿಲ್ಲ, ಆದರೂ ಕೆಲವರಿಗೆ ತಲೆ ಸಿಡಿಯುತ್ತದೆ. ಅದರ ಮುಂದೆ ಬೆರಳು ಸರಸರ ಓಡಿಸುವವಳಿಗೆ ಹೊತ್ತಿದಾಗಲೆಲ್ಲ ಒಂದೊಂದು ಬೆರಳು ಕಾಣುತ್ತದೆ. ಕಣ್ಣಿಗೆ ತಂಪು ಎಂದು ನಾನು ಅಕ್ಕನಿಗೆ ಕೊಟ್ಟದ್ದು ಸೆಕೆಂಡಿಗೆ ಇನ್ನೂರನಲವತ್ತು ಏಟು.

ಎರಡು ದಿನ ಅಂಗಡಿಯ ಬೇರೆ ಕೆಲಸ ಮುಟ್ಟಲಿಲ್ಲ, ಇದನ್ನು ಕಮ್ಮಿ ಮಾಡುವ ದಾರಿ ಹುಡುಕಿದೆ. ಬ್ರೈಟ್‌ನೆಸ್ ಮುಕ್ಕಾಲಿಗಿಂತ ಮೇಲೆ ಇಟ್ಟರೆ ಹಲ್ಲುಗಳು ಮೊಂಡಾದವು. ಆದರೆ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಪರದೆಯ ಮೇಲೆ ಬೂದು ಬಣ್ಣದ ತೆರೆ ಎಳೆಯುವ ಒಂದು ಆ್ಯಪ್ ಹಾಕಿದೆ, ಚುಚ್ಚುವುದು ಕಡಿಮೆಯಾಯಿತು, ಝೇಂಕಾರ ಹೆಚ್ಚಲಿಲ್ಲ. ಎಲ್ಲಕ್ಕಿಂತ ಸುಲಭ ಕಂಡದ್ದು ನೇಕಾರರು ಡಿಸೈನ್ ಬರೆದುಕೊಳ್ಳುವ ಟ್ರೇಸಿಂಗ್ ಪೇಪರ್. ಬ್ರೈಟ್‌ನೆಸ್ ಪೂರ್ತಿ ಇಟ್ಟು ಅದನ್ನು ಎರಡು ಮಡಿಕೆ ಮಾಡಿ ಪರದೆಗೆ ಹೊದಿಸಿದರೆ ಬೆಳಕು ಹಾಲಿನ ಹಾಗೆ ಸಮನಾಗಿ ಬರುತ್ತಿತ್ತು. ಹೀಗೆ ತಡಕಾಡುವಾಗ ಒಂದು ಫೋನಿನ ಸೆಟ್ಟಿಂಗ್‌ನಲ್ಲಿ, ಯಾರೂ ಹೋಗದ ಮೂಲೆಯಲ್ಲಿ, ಫ್ಲಿಕರ್, ಅಂದರೆ ಈ ಆರಿ ಹೊತ್ತುವುದನ್ನು, ಕಡಿಮೆ ಮಾಡುವ ಗುಂಡಿಯೇ ಸಿಕ್ಕಿತು. ಮಾಡಿದವರಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಗುಂಡಿ ಇಟ್ಟಿದ್ದರು. ರಿಪೇರಿ ಮಾಡುವ ನಾನು ಅದನ್ನು ಒಂದು ಸಲವೂ ಒತ್ತಿ ನೋಡಿರಲಿಲ್ಲ. ಮೊಳಕಾಲ್ಮುರಿನಲ್ಲಿ ಒಬ್ಬ ಹೆಂಗಸು ತನ್ನ ಬೆರಳಿನಿಂದಲೇ ಅದನ್ನು ಕಂಡುಹಿಡಿದಿದ್ದಳು.

ಮಾರನೆಯ ಬೆಳಿಗ್ಗೆ ಪಟ್ಟಿ, ಸ್ಪೀಕರ್, ಚಿಮಟ, ಪೇಪರ್ ಎಲ್ಲವನ್ನೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಬಿ.ಜಿ. ಕೆರೆ ದಾಟುವವರೆಗೂ ಅಕ್ಕನಿಗೆ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಒಂದು ಮಾತೂ ಸರಿ ಕೂರಲಿಲ್ಲ.

ಅಕ್ಕ ಅಕ್ಕಿ ಆರಿಸುತ್ತ ಕೂತಿದ್ದಳು. ಬಾವನನ್ನೂ ಮಗ್ಗದಿಂದ ಎಬ್ಬಿಸಿದೆ. ಕದ ಮುಚ್ಚಿ, ಅವಳ ಫೋನನ್ನು ಬೆಳ್ಳಗೆ ಮಾಡಿ ಚಿಮಟ ಬೀಸಿದೆ. ಬಾವ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ತಾವೇ ಬೆರಳು ಆಡಿಸಿ ನೋಡಿದರು, ಮತ್ತೆ ನೋಡಿದರು. ಸ್ಪೀಕರನ್ನು ಕಿವಿಗಿಟ್ಟು ಆ ಸದ್ದನ್ನೂ ಕೇಳಿದರು.

"ಇವ್ಳು ಹೇಳಿದ್ದು ಖರೇನೇ ಐತಲ್ಲೋ," ಅಂದರು.

ಅಕ್ಕನಿಗೆ ಮಾತ್ರ ಆಶ್ಚರ್ಯವೇ ಆಗಲಿಲ್ಲ. ಅಕ್ಕಿಯಿಂದ ಕಣ್ಣು ಎತ್ತಿ ಒಂದು ಸಲ ನೋಡಿದಳು, ಅಷ್ಟೇ.

"ನಾನು ಇದನ್ನೇ ಅಲ್ವೇನೋ ಹೇಳಿದ್ದು? ಎರಡು ಸಲ ಹೇಳ್ದೆ."

"ತಪ್ಪಾಯ್ತು ಅಕ್ಕ."

"ನಂಗ್ಯಾಕೆ ಹೇಳ್ತೀಯಾ. ನಂಗೆ ಮೊದ್ಲೇ ಗೊತ್ತಿತ್ತು. ಓಣಿಗೆ ಹೋಗಿ ಹೇಳು. ನನ್ ಬಾಯಿಂದ ಬಂದ್ರೆ ನಂಬಲ್ಲ, ನಿನ್ ಡಬ್ಬಿ ಹೇಳಿದ್ರೆ ನಂಬ್ತಾರೆ."

ಅವಳ ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಮೊದಲು ಎದುರು ಮನೆಗೇ ಹೋಗಬೇಕು ಎಂದು ನಾನೇ ಹಟ ಮಾಡಿದೆ. ಕೈ ಕೆಟ್ಟಿದೆ ಎಂದ ಬಾಯಿಯಿಂದಲೇ ಕೈ ಸರಿಯಿದೆ ಎಂದು ಬರಲಿ, ಉಳಿದವರು ತಾವಾಗಿ ಬರುತ್ತಾರೆ ಎನ್ನುವುದು ನನ್ನ ಲೆಕ್ಕಾಚಾರ. ಅಕ್ಕನೂ ಸೆರಗಿಗೆ ಕೈ ಒರೆಸಿಕೊಂಡು ಹಿಂದೆ ಬಂದಳು. ಐದು ತಿಂಗಳಿಂದ ಅವಳು ಆ ಹೊಸ್ತಿಲು ತುಳಿದಿರಲಿಲ್ಲ.

ದೊಡ್ಡಮ್ಮ ಮಗ್ಗದ ಹಿಂದೆ ಕೂತು ಕಪ್ಪು ಹಾಸೊಂದನ್ನು ತಾವೇ ಕೆಚ್ಚುತ್ತಿದ್ದರು. ಎಳೆಗಳ ಕೆಳಗೆ ಬಿಳಿ ಪಂಚೆ. "ರಾಪ್ಪಾ, ಕೂತ್ಕೋ," ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಕರೆದರು. ಅಕ್ಕನನ್ನು ನೋಡಿ ಒಂದು ಗಳಿಗೆ ಕೈ ನಿಲ್ಲಿಸಿ, ಮತ್ತೆ ಎಳೆಗೆ ಹಾಕಿದರು. ನಾನು ಡಬ್ಬಿ ಬಿಚ್ಚಿ, ಫೋನು ಬೆಳ್ಳಗೆ ಮಾಡಿ, ಚಿಮಟ ಬೀಸಿದೆ. ಬಾವ ಬೆಚ್ಚಿದ ಹಾಗೆ ಇವರೂ ಬೆಚ್ಚುತ್ತಾರೆ ಎಂದು ಮುಖವನ್ನೇ ನೋಡುತ್ತಿದ್ದೆ. ಅವರು ಬೆಚ್ಚಲಿಲ್ಲ.

"ಇದೇನಪ್ಪಾ ಹೊಸದಾಗಿ ತೋರಿಸ್ತೀಯಾ. ನಂಗೂ ಹಿಂಗೇ ಕಾಣ್ತಿತ್ತಲ್ಲ," ಅಂದರು.

ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಅನುಮಾನವಾಯಿತು. "ಯಾವಾಗಿಂದ ದೊಡ್ಡಮ್ಮ?"

"ನಿನ್ನಿಂದ ಆ ಫೋನ್ ತರಿಸ್ಕೊಂಡಾಗಿಂದ. ಬೆರಳೆಲ್ಲ ಹುಳ ಹರಿದಂಗೆ ಆಗೋದು. ತಲೆನೋವು ಬ್ಯಾರೆ. ತೆಗೆದು ಪೆಟ್ಟಿಗೇಲಿ ಹಾಕ್ಬಿಟ್ಟೆ. ಆ ಮೂಲೆ ಮನೆಯೋಳಿಗೂ ಹಂಗೇ ಆಗಿತ್ತಂತೆ. ಅವ್ಳೂ ಎತ್ತಿಟ್ಳು."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

ದೊಡ್ಡಮ್ಮ ಅಕ್ಕನ ಕಡೆ ನೋಡಲಿಲ್ಲ. ನನ್ನನ್ನೇ ನೋಡಿ ಹೇಳಿದರು:

"ಹೇಳಿದೋಳ ಗತಿ ನೋಡ್ಲಿಲ್ಲೇನು? ತಲೆ ಕೆಟ್ಟೈತೆ ಅಂತ ನನ್ನೂ ಕೂರಿಸ್ಬಿಡೋರು. ಈ ವಯಸ್ಸಿಗೆ ಕೂತ್ರೆ ಮತ್ತೆ ಏಳೋದು ಐತಾ?"

ಪರದೆ ಆರಿ ಹೊತ್ತುವುದನ್ನು ಕಂಡಾಗ ಆದ ಆಘಾತ ಇದರ ಮುಂದೆ ಏನೂ ಅಲ್ಲ. ಅವರೆಲ್ಲ ನೋಡಿದ್ದರು. ನೋಡಿಯೂ ಅಕ್ಕನನ್ನು ಹುಚ್ಚಿಯ ಹಾಗೆ ಕೂರಲು ಬಿಟ್ಟಿದ್ದರು. ಎದುರಾಡಬೇಕು ಎಂದು ಬಾಯಿ ತೆರೆದೆ. ಮೊದಲು ನಕ್ಕವನು, ಇಲ್ಲದ್ದು ಹೇಳಬೇಡ ಎಂದು ಗದರಿದವನು ನಾನೇ ಎಂದು ನೆನಪಾಗಿ, ಫೋನನ್ನು ಆರಿಸಿ ಡಬ್ಬಿಗೆ ಹಾಕಿದೆ.

ಅಕ್ಕನ ಕಡೆ ತಿರುಗಿದೆ. ಅಷ್ಟು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ದಿಗಿಲು ಕಂಡೆ.

"ನನ್ ಕೈ ಕೆಟ್ಟೈತೆ ಅಂದೋರು ನೀವೇ ಅಲ್ರಾ ದೊಡ್ಡಮ್ಮ?" ಎಂದು ಮೆಲ್ಲಗೆ ಕೇಳಿದಳು.

ದೊಡ್ಡಮ್ಮ ತಲೆ ತಗ್ಗಿಸಿ ಎಳೆ ಹುಡುಕಿದರು. ಎಳೆ ಬೆರಳಿನಿಂದ ಜಾರಿತು. ಮತ್ತೆ ಹಿಡಿದರು, ಅದು ಪಕ್ಕದ ಎಳೆ. ಅಕ್ಕ ಅದನ್ನು ನೋಡಿದಳು. ಆಮೇಲೆ ದೊಡ್ಡಮ್ಮನ ಪಕ್ಕ ಕೂತು, ಬೂದಿಗೆ ಬೆರಳು ಅದ್ದಿ, ಅವರು ಕೆಚ್ಚಿದ್ದರಲ್ಲಿ ತಪ್ಪಿದ್ದನ್ನು ಒಂದೊಂದಾಗಿ ಬಿಚ್ಚತೊಡಗಿದಳು.

"ಬ್ಯಾಡ ಬಿಡಮ್ಮಾ, ನಾನೇ ಮಾಡ್ಕೋತೀನಿ," ಅಂದರು ದೊಡ್ಡಮ್ಮ.

"ಆರು ಎಳೆ ತಪ್ಪೈತೆ. ಸರೀರಿ ಆ ಕಡೆ."

ಸಂಜೆಯವರೆಗೂ ಕೂತು ಇಡೀ ಹಾಸು ಕೆಚ್ಚಿದಳು. ಒಂದು ಎಳೆಯೂ ತಪ್ಪಲಿಲ್ಲ. ಆಮೇಲೆ ಎದ್ದು, ಬೂದಿ ಕೈಯನ್ನು ಸೆರಗಿಗೆ ಒರೆಸಿಕೊಂಡು, ದೊಡ್ಡಮ್ಮನನ್ನಾಗಲಿ ನನ್ನನ್ನಾಗಲಿ ನೋಡದೆ ಮನೆಗೆ ನಡೆದಳು.